ಅರವತ್ತರ ವೇಗ, ತೆಂಗಿನ ಮರದ ಎತ್ತರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ಮರದಿಂದ ಬೀಳುವುದೆಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮರ ಹತ್ತಿ ಎಳನೀರು ಕೀಳುವವರು ಮೊದಲು ಬುಡದಲ್ಲಿ ನಿಂತು ತಲೆಯೆತ್ತಿ ನೋಡುತ್ತಾರೆ. ಮಳೆ ಬಂದು ಕಾಂಡ ಜಾರುವಂತಿದ್ದರೆ ಆ ದಿನದ ಕೂಲಿ ಹೋದರೂ ಸರಿ, ಹತ್ತುವುದಿಲ್ಲ. ಮೇಲೆ ಹೋದ ಮೇಲೂ ಒಣಗಿದ ಗರಿಯನ್ನು ನಂಬಿ ಕೈ ಹಾಕುವುದಿಲ್ಲ. ಈ ಎಚ್ಚರವನ್ನು ಯಾವ ಕಾನೂನೂ ಹೇರಿಲ್ಲ, ಮರದ ಬುಡದಲ್ಲಿ ನಿಂತು ದಂಡ ಹಾಕುವವರೂ ಇಲ್ಲ. ನಲವತ್ತೈದು ಅಡಿ ಕೆಳಗಿನ ನೆಲ ಕಣ್ಣಿಗೆ ಕಾಣುತ್ತದೆ, ಅಷ್ಟು ಸಾಕು. ಮರ ಹತ್ತುವವರು ಸಿಗುವುದು ಕಷ್ಟವಾಗುತ್ತ ಬಂದಾಗ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಯಂತ್ರ ಕಟ್ಟಿಕೊಂಡು ಹತ್ತುವುದನ್ನು ಯುವಕರಿಗೆ ಕಲಿಸುವ ಯೋಜನೆಯನ್ನು ಆರಂಭಿಸಿತು. ಹತ್ತುವವರಿಗೆಂದೇ ವಿಮೆಯನ್ನೂ ತಂದಿತು. ಎತ್ತರದ ಭಯವನ್ನು ಸರ್ಕಾರವೂ ಒಪ್ಪಿಕೊಂಡಿದೆ, ಮನೆಯವರೂ ಒಪ್ಪಿಕೊಂಡಿದ್ದಾರೆ. ಹಾಗಿದ್ದೂ ಮರದಿಂದ ಅಷ್ಟು ಜೋಪಾನವಾಗಿ ಇಳಿದು ಬಂದ ಅದೇ ಮನುಷ್ಯ, ಹೆಲ್ಮೆಟ್ಟನ್ನು ಕನ್ನಡಿಗೆ ತೂಗುಹಾಕಿ, ಬೈಕನ್ನು ಅರವತ್ತರ ವೇಗದಲ್ಲಿ ಓಡಿಸಿಕೊಂಡು ಊರಿನ ಕಡೆ ಹೊರಡುತ್ತಾನೆ. ಇದನ್ನು ಉಡಾಫೆ ಎಂದು ಬೈಯುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಎತ್ತರ ಕಣ್ಣಿಗೆ ಕಾಣುತ್ತದೆ, ವೇಗ ಕಾಣುವುದಿಲ್ಲ. ವೇಗವನ್ನೂ ಎತ್ತರದಂತೆ ಕಾಣಲು ಕಲಿತರೆ ಈ ಸೀಮೆಯ ಜನರಿಗೆ ರಸ್ತೆಯ ಬಗ್ಗೆ ಹೊರಗಿನವರು ಬಂದು ಹೇಳಿಕೊಡಬೇಕಾದ್ದು ಹೆಚ್ಚೇನೂ ಉಳಿಯುವುದಿಲ್ಲ ಎಂಬುದು ಈ ಲೇಖನದ ವಾದ.

ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿ ಎಲ್ಲರೂ ಓದಿದ ಒಂದು ಸೂತ್ರ ಇಲ್ಲಿ ಸಾಕು. ಮೇಲಿಂದ ಬಿಟ್ಟ ವಸ್ತು ನೆಲ ಮುಟ್ಟುವಾಗ ಎಷ್ಟು ವೇಗದಲ್ಲಿರುತ್ತದೆ ಎಂಬುದು ಅದು ಬಿದ್ದ ಎತ್ತರದ ಮೇಲೆ ನಿಂತಿದೆ. ಅದನ್ನೇ ತಿರುಗಿಸಿ ಹಾಕಿದರೆ ಯಾವ ವೇಗ ಯಾವ ಎತ್ತರಕ್ಕೆ ಸಮ ಎಂದು ತಿಳಿಯುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದುವುದೂ ಐದು ಅಡಿ ಎತ್ತರದಿಂದ ಬೀಳುವುದೂ ಒಂದೇ. ವೇಗ 40 ಆದರೆ ಆ ಎತ್ತರ ಇಪ್ಪತ್ತು ಅಡಿ, ಅಂದರೆ ಎರಡಂತಸ್ತಿನ ಮನೆಯ ತಾರಸಿ. 60ಕ್ಕೆ ಅದು ಸುಮಾರು ನಲವತ್ತಾರು ಅಡಿ: ಚೆನ್ನಾಗಿ ಬೆಳೆದು ಫಸಲಿಗೆ ಬಂದ ತೆಂಗಿನ ಮರದ ತುದಿ. 80ಕ್ಕೆ ಎಂಬತ್ತೆರಡು ಅಡಿ. ಅಷ್ಟು ಎತ್ತರದ ಮರ ತೋಟದಲ್ಲಿ ಹುಡುಕಿದರೂ ಸಿಗುವುದು ಅಪರೂಪ. ಸಿಕ್ಕರೂ ಅದನ್ನು ಹತ್ತಲು ಯಾರೂ ಒಪ್ಪಲಾರರು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ವೇಗ ಎರಡು ಪಟ್ಟಾದಾಗ ಎತ್ತರ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಸ್ಪೀಡೋಮೀಟರಿನ ಮುಳ್ಳು ನಲವತ್ತರಿಂದ ಅರವತ್ತಕ್ಕೆ ಸರಿದಾಗ ಕೈಗೆ ಆಗುವ ಶ್ರಮ ಒಂದಿಷ್ಟು ಆಕ್ಸಿಲೇಟರ್ ತಿರುವಿದ್ದು ಮಾತ್ರ; ಆದರೆ ಕೂತವನು ತಾರಸಿಯಿಂದ ಮರದ ತುದಿಗೆ ಹೋಗಿರುತ್ತಾನೆ. ಇನ್ನು ಎದುರಿನಿಂದ ಅರವತ್ತರಲ್ಲಿ ಬರುವ ಲಾರಿಗೆ ಅರವತ್ತರಲ್ಲಿ ಹೋಗುವ ಬೈಕು ಗುದ್ದಿದರೆ, ಲಾರಿಯ ತೂಕದ ಮುಂದೆ ಬೈಕಿನ ತೂಕ ಲೆಕ್ಕಕ್ಕೇ ಬರುವುದಿಲ್ಲವಾದ್ದರಿಂದ, ಸವಾರನ ಪಾಲಿಗೆ ಅದು ಹೆಚ್ಚುಕಡಿಮೆ 120ರ ಹೊಡೆತ. ನಾಲ್ಕು ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ.

ಒಂದು ಆಕ್ಷೇಪವನ್ನು ಇಲ್ಲೇ ಎತ್ತಿಕೊಳ್ಳಬೇಕು, ಏಕೆಂದರೆ ಅದು ನ್ಯಾಯವಾದದ್ದು. ಬೈಕಿನಿಂದ ಬಿದ್ದವರೆಲ್ಲ ಗೋಡೆಗೆ ಗುದ್ದುವುದಿಲ್ಲ. ಎಷ್ಟೋ ಜನ ಜಾರಿ ಬಿದ್ದು, ಡಾಂಬರಿನ ಮೇಲೆ ಉಜ್ಜಿಕೊಂಡು ಹೋಗಿ, ಮೊಣಕೈ ತರಚಿಕೊಂಡು ಎದ್ದು ಬರುತ್ತಾರೆ. ಮರದಿಂದ ಬಿದ್ದವರಿಗೆ ಆ ಅವಕಾಶವಿಲ್ಲ. ಹೋಲಿಕೆ ಅಷ್ಟರ ಮಟ್ಟಿಗೆ ಸಡಿಲ ಎಂಬುದನ್ನು ಒಪ್ಪಲೇಬೇಕು. ಆದರೆ ಜಾರುತ್ತ ಹೋಗಿ ಉಳಿಯಬೇಕಾದರೆ ಜಾರಲು ಜಾಗವಿರಬೇಕು. ನಮ್ಮ ರಸ್ತೆಗಳ ಅಂಚಿನಲ್ಲಿ ಏನಿದೆ ನೋಡಿ: ಹುಣಸೆ ಮರ, ಮೋರಿಯ ಕಟ್ಟೆ, ಮೈಲಿಗಲ್ಲು, ತೋಟದ ಬೇಲಿಯ ಕಲ್ಲುಕಂಬ, ವಿದ್ಯುತ್ ಕಂಬ. ಬೈಕು ಜಾರುವುದು ಸವಾರನ ಕೈಯಲ್ಲಿಲ್ಲದ ಹಾಗೆಯೇ ಜಾರಿ ಎಲ್ಲಿ ನಿಲ್ಲುತ್ತೇವೆ ಎಂಬುದೂ ಅವನ ಕೈಯಲ್ಲಿಲ್ಲ. ತರಚಿಕೊಂಡು ಎದ್ದು ಬಂದವರು ಕಥೆ ಹೇಳಲು ಉಳಿದಿದ್ದಾರೆ, ಮರಕ್ಕೆ ಗುದ್ದಿದವರು ಉಳಿದಿಲ್ಲ. ಊರಲ್ಲಿ ನಾವು ಕೇಳುವ ಕಥೆಗಳೆಲ್ಲ ಉಳಿದವರವು.

ಮನುಷ್ಯನಿಗೆ ಎತ್ತರದ ಭಯ ಯಾರೂ ಕಲಿಸದೆ ಬರುವಂಥದ್ದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಲೀನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ ನಡೆಸಿ 1960ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಗಟ್ಟಿ ಗಾಜಿನ ಹಾಸು. ಅರ್ಧ ಭಾಗದಲ್ಲಿ ಗಾಜಿನ ಕೆಳಗೇ ನೆಲ, ಇನ್ನರ್ಧದಲ್ಲಿ ಗಾಜಿನ ಕೆಳಗೆ ಆಳ. ಅಂಬೆಗಾಲಿಡುವ ಕೂಸುಗಳನ್ನು ನಡುವೆ ಬಿಟ್ಟು, ಆಳ ಕಾಣುವ ಕಡೆಯಿಂದ ತಾಯಿ ಕರೆದರೂ ಹೆಚ್ಚಿನವು ಅತ್ತ ಹೋಗಲಿಲ್ಲ. ಗಾಜನ್ನು ಕೈಯಿಂದ ಮುಟ್ಟಿ ಗಟ್ಟಿಯಿದೆ ಎಂದು ತಿಳಿದರೂ ಕಣ್ಣು ಬೇಡ ಎಂದಿತು. ವೇಗದ ಬಗ್ಗೆ ಕಣ್ಣು ಹೀಗೆ ಎಚ್ಚರಿಸುವುದಿಲ್ಲ. ಮನುಷ್ಯ ತನ್ನ ಕಾಲಿನಿಂದ ಓಡಬಹುದಾದ ವೇಗಕ್ಕಿಂತ ಹೆಚ್ಚಿನ ವೇಗಕ್ಕೆ ನಮ್ಮ ಮೈ ತಯಾರಾಗಿಯೇ ಇಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ವೇಗಕ್ಕೆ ಮೈ ಒಗ್ಗಿಹೋಗುತ್ತದೆ. ಅರ್ಧ ಗಂಟೆ 80ರಲ್ಲಿ ಓಡಿಸಿ ಬಂದವನಿಗೆ 50 ತೆವಳಿದಂತೆ ಭಾಸವಾಗುತ್ತದೆ. ಗುಬ್ಬಿ, ನಿಟ್ಟೂರು ದಾಟಿಕೊಂಡು ಹೆದ್ದಾರಿಯಲ್ಲಿ ಬಂದವರು ಕಿಬ್ಬನಹಳ್ಳಿ (ಕೆ.ಬಿ.) ಕ್ರಾಸಿನಲ್ಲಿ ತುರುವೇಕೆರೆ ಕಡೆಗೋ ಚಿಕ್ಕನಾಯಕನಹಳ್ಳಿ ಕಡೆಗೋ ತಿರುಗಿದಾಗ, ಮುಂದೆ ಊರು, ಶಾಲೆ, ಡೈರಿ, ದನ ಎಲ್ಲ ಇರುವ ರಸ್ತೆಗೆ ಹೆದ್ದಾರಿಯ ಅಂದಾಜನ್ನೇ ಹೊತ್ತು ತರುವುದು ಹೀಗೆ. ಮುಳ್ಳು ಏನು ತೋರಿಸುತ್ತಿದೆ ಎಂದು ನೋಡದ ಹೊರತು ಗೊತ್ತೇ ಆಗುವುದಿಲ್ಲ. ಮಗ ಮರ ಹತ್ತುತ್ತೇನೆ ಎಂದರೆ ಬೇಡಪ್ಪ ಎನ್ನುವ ತಾಯಿ, ಅವನು ಪಿಯುಸಿ ಮುಗಿಸಿದ ಕೂಡಲೇ ಬೈಕು ಕೇಳಿದರೆ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಕೊಡಿಸಲು ಒಪ್ಪುವುದೂ ಇದೇ ಕಾರಣಕ್ಕೆ. ಆಕೆಯ ಪ್ರೀತಿಯಲ್ಲಿ ಏನೂ ಕೊರತೆಯಿಲ್ಲ. ಮರದ ತುದಿಯಲ್ಲಿರುವ ಮಗನನ್ನು ಕಣ್ಣು ನೋಡಬಲ್ಲದು. ಮನೆಯ ಮುಂದೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಬೈಕಿನಲ್ಲಿ ಅದೇ ಎತ್ತರ ಅಡಗಿರುವುದನ್ನು ನೋಡಲಾರದು.

ಇನ್ನು ರಸ್ತೆಗಳ ವಿಚಾರ. ತಿಪಟೂರಿನ ನಡುವೆ ಹಾಯುವ ದಾರಿಯನ್ನು ಜನ ಇಂದಿಗೂ ಬಿ.ಎಚ್. ರಸ್ತೆ ಎನ್ನುತ್ತಾರೆ, ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ರಸ್ತೆ ಅದು. ಬಹುಕಾಲ ರಾಷ್ಟ್ರೀಯ ಹೆದ್ದಾರಿ 206 ಆಗಿತ್ತು, ಈಗ ತುಮಕೂರಿನಿಂದ ತಿಪಟೂರು, ಅರಸೀಕೆರೆ ಮೇಲೆ ಮಂಗಳೂರಿನತ್ತ ಹೋಗುವ 73ನೇ ಹೆದ್ದಾರಿ. ಅದನ್ನು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಅಡ್ಡ ಹಾಯುವುದು 150ಎ ಹೆದ್ದಾರಿ: ಮೇಲೆ ಹುಳಿಯಾರು, ಚಿಕ್ಕನಾಯಕನಹಳ್ಳಿ, ಕೆಳಗೆ ತುರುವೇಕೆರೆ, ಮಾಯಸಂದ್ರ, ನಾಗಮಂಗಲ, ಆಮೇಲೆ ಮೈಸೂರು. ಬಳ್ಳಾರಿ ಸೀಮೆಯ ಲಾರಿಯೂ, ಕುಪ್ಪಳಿಸುತ್ತ ಹೋಗುವ ಟಿವಿಎಸ್ ಎಕ್ಸೆಲ್ಲೂ ಒಂದೇ ಪಟ್ಟಿಯ ಮೇಲೆ ಓಡುತ್ತವೆ. ಎಕ್ಸೆಲ್ಲಿನ ಮುಂದೆ ಹಾಲಿನ ಕ್ಯಾನು, ಹಿಂದೆ ಹುಲ್ಲಿನ ಹೊರೆ. ಅದರ ಹಿಂದೆ ನಾರಿನ ಫ್ಯಾಕ್ಟರಿಗೆ ಮಟ್ಟೆ ತುಂಬಿಕೊಂಡು ಎರಡೂ ಬದಿ ಉಬ್ಬಿದ ಲಾರಿ. ಸುಲಿದ ಕಾಯಿ ಹೇರಿದ ಟ್ರ್ಯಾಕ್ಟರ್ ಟ್ರೇಲರ್ ತೋಟದ ಹಾದಿಯಿಂದ ನೇರ ಹೆದ್ದಾರಿಗೆ ಏರುತ್ತದೆ. ಗಾಳಿ ಕಾಲದಲ್ಲಿ ಬಿದ್ದ ಗರಿ ಹೆಡೆಮಟ್ಟೆ ಸಮೇತ ರಸ್ತೆಗೆ ಅಡ್ಡ. ಇಷ್ಟೆಲ್ಲ ಬೇರೆ ಬೇರೆ ನಡಿಗೆಯವು ಒಟ್ಟಿಗೆ ಇರುವಲ್ಲಿ ಅಪಾಯ ಹುಟ್ಟುವುದು ಒಬ್ಬನ ವೇಗದಿಂದ ಮಾತ್ರ ಅಲ್ಲ, ಇಬ್ಬರ ವೇಗಗಳ ನಡುವಿನ ಅಂತರದಿಂದ. ಆ ಅಂತರವನ್ನು ತುಂಬಬೇಕಾದ್ದು ಬ್ರೇಕು.

ಬ್ರೇಕು ಎಷ್ಟು ದೂರದಲ್ಲಿ ನಿಲ್ಲಿಸುತ್ತದೆ? ತೋಟದಲ್ಲಿ ಮರದಿಂದ ಮರಕ್ಕೆ ಮೂವತ್ತು ಅಡಿ ಬಿಡುವುದು ರೂಢಿ. ಆ ಅಳತೆಯಲ್ಲೇ ಹೇಳುವುದಾದರೆ, ಅಡ್ಡ ಬಂದದ್ದನ್ನು ಕಂಡು ಕೈ ಬ್ರೇಕು ಹಿಡಿಯಲು ಒಂದು ಸೆಕೆಂಡು, ಒಣ ಡಾಂಬರು, ಚಕ್ರಗಳಲ್ಲಿ ಹಲ್ಲು, ಎರಡೂ ಬ್ರೇಕು ಸರಿ ಎಂದಿಟ್ಟುಕೊಂಡರೆ, 40ರಲ್ಲಿ ಹೋಗುವ ಬೈಕು ಸುಮಾರು ಎರಡೂವರೆ ಮರದ ಅಂತರದಲ್ಲಿ ನಿಲ್ಲುತ್ತದೆ. 60ರಲ್ಲಿ ನಾಲ್ಕೂವರೆ. 80ರಲ್ಲಿ ಏಳು. ಈ ಲೆಕ್ಕದ ಒಳಗೆ ಇನ್ನೊಂದು ಸಂಗತಿ ಇದೆ, ಅದು ಹೊಳೆಯುವುದು ಕಡಿಮೆ. 40ರಲ್ಲಿ ಬಂದವನು ಪೂರ್ತಿ ನಿಂತ ಜಾಗಕ್ಕೆ 60ರಲ್ಲಿ ಬಂದವನು ತಲುಪುವಾಗ ಅವನ ವೇಗ ಎಷ್ಟಿರುತ್ತದೆ? ಸ್ವಲ್ಪವಾದರೂ ಇಳಿದಿರುತ್ತದಲ್ಲ, ಹತ್ತೋ ಹದಿನೈದೋ ಇರಬಹುದು ಎನ್ನುತ್ತದೆ ಮನಸ್ಸು. ಲೆಕ್ಕ ಹಾಕಿದರೆ ಅದು 50ಕ್ಕಿಂತಲೂ ಹೆಚ್ಚು. ಮೊದಲ ಸೆಕೆಂಡಿನಲ್ಲೇ, ಕೈ ಇನ್ನೂ ಬ್ರೇಕು ಮುಟ್ಟುವ ಮೊದಲೇ, ಹೆಚ್ಚಿನ ದೂರ ಮುಗಿದುಹೋಗಿರುತ್ತದೆ. ಒಬ್ಬ ಎಮ್ಮೆಯ ಮುಂದೆ ನಿಂತು ಹಾರ್ನ್ ಹೊಡೆಯುತ್ತಿರುವ ಜಾಗದಲ್ಲಿ ಇನ್ನೊಬ್ಬ ಮೂವತ್ತೈದು ಅಡಿ ಮೇಲಿಂದ ಬೀಳುತ್ತಿರುತ್ತಾನೆ. ಮುಂದಿನ ಬ್ರೇಕು ಹಿಡಿದರೆ ಪಲ್ಟಿಯಾಗುತ್ತದೆ ಎಂಬ ಭಯದಿಂದ ಹಿಂದಿನದನ್ನು ಮಾತ್ರ ತುಳಿಯುವವರಿಗೆ ಈ ದೂರ ಇನ್ನೂ ಹೆಚ್ಚು. ಬ್ರೇಕು ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬರುತ್ತದೆ, ನಿಲ್ಲಿಸುವ ಕೆಲಸದ ಬಹುಪಾಲನ್ನು ಅದೇ ಮಾಡುತ್ತದೆ. ಎರಡನ್ನೂ ಸಮಾಧಾನವಾಗಿ ಒಟ್ಟಿಗೆ ಹಿಡಿಯುವುದೇ ಸರಿ. ಅದಕ್ಕೆಂದೇ 125 ಸಿಸಿವರೆಗಿನ ಹೊಸ ಗಾಡಿಗಳಲ್ಲಿ ಎರಡೂ ಬ್ರೇಕು ಜೊತೆಯಾಗಿ ಹಿಡಿಯುವ ವ್ಯವಸ್ಥೆಯನ್ನು 2019ರ ಏಪ್ರಿಲ್‌ನಿಂದ ಕಡ್ಡಾಯ ಮಾಡಲಾಗಿದೆ.

ರಾತ್ರಿಯಾದರೆ ಈ ನಾಲ್ಕೂವರೆ ಮರದ ಲೆಕ್ಕವೂ ಕೈಕೊಡುತ್ತದೆ. ಡಿಮ್ ಮಾಡಿದ ಸಾಧಾರಣ ಬೈಕಿನ ಲೈಟು ಸ್ಪಷ್ಟವಾಗಿ ತೋರಿಸುವ ದೂರವೇ ಹೆಚ್ಚುಕಡಿಮೆ ಅಷ್ಟು. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದರೆ ಅದೂ ಇಲ್ಲ. ರಸ್ತೆ ಬದಿಯಲ್ಲಿ ಟೈರು ಪಂಕ್ಚರ್ ಆಗಿ ನಿಂತ ಟ್ರೇಲರ್, ಹಿಂದೆ ರೇಡಿಯಂ ಇಲ್ಲ, ಬಲ್ಬು ಇಲ್ಲ, ಇಡೀ ಮೈ ಮಣ್ಣಿನ ಬಣ್ಣ. ಅದನ್ನು ಕಂಡಾಗ ನಿಲ್ಲಲು ಬೇಕಾದ ಜಾಗ ಆಗಲೇ ಮುಗಿದಿರುತ್ತದೆ. ದೇಶದಲ್ಲಿ ದಿನದ ಬೇರೆಲ್ಲ ಹೊತ್ತಿಗಿಂತ ಸಂಜೆ 6ರಿಂದ 9ರ ನಡುವೆ ಹೆಚ್ಚು ಅಪಘಾತಗಳಾಗುತ್ತವೆ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಗಳು ಹೇಳುತ್ತವೆ. ತೋಟದ ಕೆಲಸ ಮುಗಿಸಿ, ಡೈರಿಗೆ ಹಾಲು ಹಾಕಿ, ಪೇಟೆಯಿಂದ ಸಾಮಾನು ತರುವ ಹೊತ್ತು ಅದು. ಸುಗ್ಗಿಯಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ರಾಗಿ, ಹುರುಳಿ ಕೊಯ್ದ ಮೇಲೆ ಡಾಂಬರಿನ ಮೇಲೆ ಹರಡಿ ಗಾಡಿಗಳ ಚಕ್ರದಿಂದ ತುಳಿಸುವುದು ಬಯಲುಸೀಮೆಯ ಎಲ್ಲ ಕಡೆಯ ರೂಢಿ. ಒಣ ಹುಲ್ಲಿನ ಮೇಲೆ ಬ್ರೇಕು ಹಿಡಿದ ಎರಡು ಚಕ್ರದ ಗಾಡಿಗೆ ನೆಲದ ಹಿಡಿತವೇ ಇರುವುದಿಲ್ಲ. ರೈತರನ್ನು ಇದಕ್ಕಾಗಿ ದೂರುವುದು ನನಗೆ ಒಪ್ಪಿತವಲ್ಲ. ಸಗಣಿ ಸಾರಿಸಿ ಕಣ ಮಾಡುವ ಆಳೂ ಇಲ್ಲ, ಜಾಗವೂ ಇಲ್ಲ. ಆದರೆ ಉದ್ಯೋಗ ಖಾತರಿಯ ದುಡ್ಡಿನಲ್ಲಿ ಒಕ್ಕಣೆ ಕಣ ಕಟ್ಟಿಸಲು ಅವಕಾಶ ಮಾಡಲಾಗಿತ್ತು; ಕಣ ಬೇಕೆಂದು ಗ್ರಾಮಸಭೆಯಲ್ಲಿ ಕೇಳುವವರು ಬೇಕು. ರಸ್ತೆಯ ಮೇಲೆ ಹುಲ್ಲು ಹಾಸಿದವರೂ ಅದೇ ಊರಿನವರು, ಅದರ ಮೇಲೆ ಜಾರಿ ಬೀಳುವವರೂ ಬಹುಪಾಲು ಅದೇ ಊರಿನವರು.

ಹೆಲ್ಮೆಟ್ಟಿನ ಮಾತಿಗೆ ಬಂದರೆ, ತೆಂಗಿನ ಸೀಮೆಯವರಿಗೆ ಅದರ ಕೆಲಸವನ್ನು ತೋರಿಸಲು ತೋಟಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಬಲಿತ ಕಾಯಿ ಮರದ ತುದಿಯಿಂದ ತಾನಾಗಿ ಕಳಚಿ ನೆಲಕ್ಕೆ ಬೀಳುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಅಪ್ಪಳಿಸಿದರೂ ಸಾಮಾನ್ಯವಾಗಿ ಒಳಗಿನ ಕಾಯಿ ಒಡೆಯುವುದಿಲ್ಲ. ಅದನ್ನೇ ಎತ್ತಿಕೊಂಡು ಬಂದು, ಸುಲಿದು, ದೇವರ ಮುಂದಿನ ಕಲ್ಲಿಗೆ ಕೈಯಿಂದ ಒಂದೇಟು ಹಾಕಿದರೆ ಎರಡು ಹೋಳು. ಕಾಯಿ ಅದೇ, ಕರಟವೂ ಅದೇ. ನಡುವೆ ಹೋದದ್ದು ಮಟ್ಟೆ ಮಾತ್ರ. ಮಟ್ಟೆಯ ನಾರು ಹೊಡೆತವನ್ನು ತಡೆಯುವುದಿಲ್ಲ, ತಾನು ಜಜ್ಜಿಹೋಗಿ ಹೊಡೆತದ ಹೊತ್ತನ್ನು ಹಿಗ್ಗಿಸುತ್ತದೆ. ಒಮ್ಮೆಲೇ ನಿಲ್ಲಬೇಕಾದ ಕಾಯಿ ಒಂದೆರಡು ಅಂಗುಲದಲ್ಲಿ ನಿಲ್ಲುತ್ತದೆ. ಹೆಲ್ಮೆಟ್ಟಿನ ಒಳಗಿರುವ ಥರ್ಮೋಕೋಲಿನಂಥ ದಪ್ಪ ಪದರ ಮಾಡುವುದು ಇದನ್ನೇ. ಹೊರಗಿನ ಹೊಳೆಯುವ ಚಿಪ್ಪಿಗಿಂತ ಒಳಗಿನ ಆ ಪದರವೇ ಮುಖ್ಯ. ಆದ್ದರಿಂದಲೇ ದಂಡ ತಪ್ಪಿಸಿಕೊಳ್ಳಲು ಕೊಳ್ಳುವ, ಒಳಗೆ ಬಟ್ಟೆ ಮಾತ್ರ ಇರುವ ಅರ್ಧ ಟೋಪಿ ಹೆಲ್ಮೆಟ್ಟಲ್ಲ. ಅದು ಸುಲಿದ ಕಾಯಿಗೆ ಬಣ್ಣ ಬಳಿದ ಹಾಗೆ. ಐಎಸ್ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದನ್ನೂ ಮಾರುವುದನ್ನೂ 2021ರ ಜೂನ್ 1ರಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಪದರ ಜಜ್ಜಿಹೋಗಿರುತ್ತದೆ, ಮತ್ತೆ ಬಳಸಬಾರದು. ಗದ್ದದ ಪಟ್ಟಿ ಬಿಗಿಯದಿದ್ದರೆ ತಲೆಗಿಂತ ಮೊದಲು ಹೆಲ್ಮೆಟ್ ಹಾರಿಹೋಗುತ್ತದೆ.

ಅರವತ್ತರಲ್ಲಿ ಗುದ್ದಿದರೆ ಯಾವ ಹೆಲ್ಮೆಟ್ ತಾನೇ ಕಾಯುತ್ತದೆ ಎಂದು ಕೇಳುವವರಿದ್ದಾರೆ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ: ಇಲ್ಲೇ ತೋಟಕ್ಕೆ ಹೋಗಿ ಬರುವುದು, ಇಪ್ಪತ್ತರಲ್ಲಿ ಹೋಗುತ್ತೇನೆ, ಅದಕ್ಕೆ ಹೆಲ್ಮೆಟ್ ಯಾಕೆ ಎನ್ನುತ್ತಾರೆ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಗಾಡಿಯ ಮೇಲೆ ಕೂತವನ ತಲೆ ನೆಲದಿಂದ ಐದು ಅಡಿಯಷ್ಟು ಮೇಲಿರುತ್ತದೆ. ಬೈಕು ಜಾರಿದಾಗ ಮುಂದಕ್ಕೆ ಎಷ್ಟೇ ವೇಗವಿರಲಿ, ತಲೆ ಕೆಳಮುಖವಾಗಿ ನೆಲಕ್ಕೆ ಬಡಿಯುವುದು ಆ ಐದು ಅಡಿಯ ಬೀಳುವಿಕೆಯ ಬಲದಿಂದ, ಅಂದರೆ ಗಂಟೆಗೆ 20 ಕಿಲೋಮೀಟರಿನ ಹೊಡೆತದಿಂದ. ನಿಂತ ಗಾಡಿಯಿಂದ ಬಿದ್ದರೂ ಹೆಚ್ಚುಕಡಿಮೆ ಅಷ್ಟೇ. ಬರಿತಲೆಗೆ ಅದು ಸಾಕು. ಹೆಲ್ಮೆಟ್‌ಗಳನ್ನು ಪರೀಕ್ಷಿಸುವುದೂ ಇದೇ ಆಸುಪಾಸಿನ ಹೊಡೆತಕ್ಕೆ. ಯುರೋಪಿನ ಮಾನದಂಡದಲ್ಲಿ ಅದು ಗಂಟೆಗೆ 27 ಕಿಲೋಮೀಟರ್. ಅಂದರೆ ಅರವತ್ತರಲ್ಲಿ ಜಾರಿ ಬಿದ್ದವನಿಗೂ ಹೆಲ್ಮೆಟ್ ಕೆಲಸಕ್ಕೆ ಬರುತ್ತದೆ, ತೋಟದ ದಾರಿಯಲ್ಲಿ ಇಪ್ಪತ್ತರಲ್ಲಿ ಬಿದ್ದವನಿಗೂ ಅದು ಅಷ್ಟೇ ಬೇಕು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ ಹೆಲ್ಮೆಟ್ ಧರಿಸಿದವರಲ್ಲಿ ಸಾವಿನ ಸಾಧ್ಯತೆ ಶೇ 42ರಷ್ಟು, ತಲೆಗೆ ಪೆಟ್ಟಾಗುವ ಸಾಧ್ಯತೆ ಶೇ 69ರಷ್ಟು ಕಡಿಮೆ ಎಂದು ಕಂಡುಕೊಂಡಿತು. ಶೇ ನೂರಲ್ಲ. ಮರಕ್ಕೆ ನೇರ ಗುದ್ದಿದರೆ ಹೆಲ್ಮೆಟ್ ಸೋಲುತ್ತದೆ. ಆದ್ದರಿಂದಲೇ ಎತ್ತರವನ್ನು, ಅಂದರೆ ವೇಗವನ್ನು, ಮೊದಲು ಇಳಿಸಬೇಕು ಎನ್ನುತ್ತಿರುವುದು.

ದೂರದ ಹೆದ್ದಾರಿಯಲ್ಲಿ ಸಾವು, ಹತ್ತಿರದ ದಾರಿಯಲ್ಲಿ ಕ್ಷೇಮ ಎಂಬ ನಂಬಿಕೆಯನ್ನು ಅಂಕಿಅಂಶಗಳೂ ಬೆಂಬಲಿಸುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕರ್ನಾಟಕದ ಪಾಲು 11,702. ದೇಶದ ಲೆಕ್ಕದಲ್ಲಿ 74,897 ಮಂದಿ, ಎಂದರೆ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು, ಎರಡು ಚಕ್ರದ ಗಾಡಿಯ ಮೇಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14,337 ಜನ ಹಿಂದೆ ಕೂತವರು. ಸಾವುಗಳಲ್ಲಿ ಸುಮಾರು ಶೇ 68 ಗ್ರಾಮೀಣ ಪ್ರದೇಶದಲ್ಲಿ ಆದವು, ಶೇ 71ಕ್ಕೆ ಅತಿವೇಗವೇ ಕಾರಣವೆಂದು ದಾಖಲಾಯಿತು. ಮೂರರಲ್ಲಿ ಎರಡು ಅಪಘಾತ ನಡೆದದ್ದು ತಿರುವಿನಲ್ಲಲ್ಲ, ನೇರ ರಸ್ತೆಯಲ್ಲಿ. ತಿರುವಿನಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ. ಕಣ್ಣಿಗೆ ಕಾಣುವ ಅಪಾಯಕ್ಕೆ ಮನುಷ್ಯ ತಾನಾಗಿ ಬಗ್ಗುತ್ತಾನೆ ಎಂಬುದಕ್ಕೆ ಇದೂ ಒಂದು ಸಾಕ್ಷಿ. ನೇರ ರಸ್ತೆಯಲ್ಲಿ ಎತ್ತರ ಕಾಣುವುದಿಲ್ಲ.

ಹಿಂದೆ ಕೂತವರ ಆ ಸಂಖ್ಯೆಯ ಮುಂದೆ ಸ್ವಲ್ಪ ನಿಲ್ಲಬೇಕು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಇಷ್ಟು ವರ್ಷವಾದರೂ ಸಂತೆಗೆ, ಮದುವೆಗೆ, ಆಸ್ಪತ್ರೆಗೆ ಹೋಗುವಾಗ ಹಿಂದೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು, ಮಡಿಲಲ್ಲಿ ಮಗು ಇಟ್ಟುಕೊಂಡು ಕೂರುವ ಹೆಂಗಸಿನ ತಲೆ ಬರಿದಾಗಿಯೇ ಇರುತ್ತದೆ. ಗಾಡಿ ಓಡಿಸುವವನಿಗೆ ಹ್ಯಾಂಡಲ್ಲಾದರೂ ಹಿಡಿಯಲು ಇದೆ, ಗುಂಡಿ ಬರುವುದು ಮೊದಲು ಕಾಣುತ್ತದೆ. ಆಕೆಗೆ ಎರಡೂ ಇಲ್ಲ. ಒಂದು ಮನೆಯಲ್ಲಿ ಒಂದೇ ಹೆಲ್ಮೆಟ್ ಇದ್ದರೆ ಅದು ಯಾರ ತಲೆಗೆ ಎಂಬ ಪ್ರಶ್ನೆಗೆ ನ್ಯಾಯವಾದ ಉತ್ತರ, ಎರಡು ಕೊಳ್ಳುವುದು. ಸೆಕೆಯಾಗುತ್ತದೆ, ಕೂದಲು ಉದುರುತ್ತದೆ, ಹಾರ್ನ್ ಕೇಳಿಸುವುದಿಲ್ಲ ಎಂಬ ಮಾತುಗಳಲ್ಲಿ ಸೆಕೆ ನಿಜ. ಏಪ್ರಿಲ್ ತಿಂಗಳ ಮಧ್ಯಾಹ್ನ ಅದು ಹಿಂಸೆಯೇ. ಆದರೆ ಅದೇ ಬಿಸಿಲಿನಲ್ಲಿ ಹಾರೆಯ ಮುಂದೆ ನಿಂತು ದಿನಕ್ಕೆ ಸಾವಿರಗಟ್ಟಲೆ ಕಾಯಿ ಸುಲಿಯುವವರ ಸೀಮೆ ಇದು. ಹತ್ತು ನಿಮಿಷದ ಸೆಕೆ ಇವರಿಂದ ತಡೆಯಲಾಗದ್ದಲ್ಲ. ನಮ್ಮ ಜನ ಬದಲಾಗುವುದಿಲ್ಲ ಎಂಬ ನಿರಾಸೆಗೆ ವಿಯೆಟ್ನಾಂ ಉತ್ತರ ಕೊಟ್ಟಿದೆ. ಬೆನ್ ತ್ರೆ ಎಂಬ ಹೆಸರಾಂತ ತೆಂಗಿನ ಸೀಮೆ ಇರುವ, ನಮ್ಮಷ್ಟೇ ಸೆಕೆಯ, ಮನೆಗೊಂದು ಬೈಕಿರುವ ದೇಶ ಅದು. 2007ರ ಡಿಸೆಂಬರ್ 15ರಂದು ಅಲ್ಲಿ ಎಲ್ಲ ರಸ್ತೆಗಳಲ್ಲೂ ಎಲ್ಲ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಯಿತು. ಅರ್ಧದಷ್ಟು ಜನವೂ ಹಾಕದಿದ್ದ ದೇಶದಲ್ಲಿ ಕೆಲವೇ ದಿನಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಹಾಕತೊಡಗಿದರು. ಆಮೇಲಿನ ಅಧ್ಯಯನದಲ್ಲಿ ಅಪಘಾತಕ್ಕೆ ಸಿಕ್ಕವರು ಸಾಯುವ ಸಾಧ್ಯತೆ ಶೇ 18ರಷ್ಟು ಇಳಿದಿತ್ತು. ಜನ ಒಳ್ಳೆಯವರಾದದ್ದಲ್ಲ. ಕಾನೂನಿಗೆ ‘ಇಲ್ಲೇ ಹತ್ತಿರ’ ಎಂಬ ರಿಯಾಯಿತಿ ಇರಲಿಲ್ಲ.

ಎಲ್ಲ ತಪ್ಪನ್ನೂ ಸವಾರನ ತಲೆಗೆ ಕಟ್ಟುತ್ತಿದ್ದೀರಿ, ರಸ್ತೆ ಮಾಡಿದವರದ್ದೇನೂ ಇಲ್ಲವೇ ಎಂದು ಓದುಗರು ಕೇಳಿದರೆ ಅದು ಸರಿಯಾದ ಪ್ರಶ್ನೆ. ಅವರದ್ದು ಬಹಳ ಇದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕು ಅದಿರು ಲಾರಿಗಳ ಕಾಲವನ್ನು ಕಂಡಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವವರೆಗೆ ಹಳ್ಳಿಯ ರಸ್ತೆಗಳ ಮೇಲೆ ಆ ಭಾರವನ್ನು ಓಡಲು ಬಿಟ್ಟದ್ದು ಸವಾರರಲ್ಲ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಲೋಪದಿಂದ ಸಾವಾದರೆ ಗುತ್ತಿಗೆದಾರರಿಗೂ ಹೊಣೆಯಾದ ಅಧಿಕಾರಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಲು 2019ರ ತಿದ್ದುಪಡಿ ಮೋಟಾರು ವಾಹನ ಕಾನೂನಿನಲ್ಲಿ 198ಎ ಎಂಬ ಕಲಮನ್ನು ಸೇರಿಸಿತು. ಒಂದು ಜೀವಕ್ಕೆ ಅದು ಏನೇನೂ ಅಲ್ಲ, ಆದರೂ ಹೊಣೆ ಯಾರದ್ದೆಂದು ಕಾನೂನು ಒಪ್ಪಿತು. ಐನೂರು ಮೀಟರ್ ಒಳಗೆ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆದರೆ ಆ ಜಾಗವನ್ನು ಬ್ಲ್ಯಾಕ್ ಸ್ಪಾಟ್ ಎಂದು ಗುರುತಿಸಿ ಸರಿಪಡಿಸಬೇಕು ಎಂಬ ನಿಯಮವೂ ಇದೆ. ಐದು ಅಪಘಾತ ಆಗುವವರೆಗೆ, ಇಲ್ಲವೇ ಹತ್ತು ಹೆಣ ಬೀಳುವವರೆಗೆ ಕಾಯುವ ನಿಯಮ ಅದು. ಇಂಥ ಜಾಗ ಹಳ್ಳಿಯವರಿಗೆ ಮೊದಲ ಎರಡು ಅಪಘಾತದಲ್ಲೇ ಗೊತ್ತಾಗಿರುತ್ತದೆ. ಆದರೆ ರಸ್ತೆ ಚೆನ್ನಾದರೆ ಎಲ್ಲ ಸರಿಹೋಗುತ್ತದೆ ಎಂಬ ಇನ್ನೊಂದು ತುದಿಯನ್ನೂ ನಾನು ಒಪ್ಪಲಾರೆ. ತುಮಕೂರು–ಶಿವಮೊಗ್ಗ ಹೆದ್ದಾರಿಯನ್ನು ನಾಲ್ಕು ಪಥ ಮಾಡುವುದರಿಂದ ಎದುರುಬದುರು ಡಿಕ್ಕಿಗಳು ಕಡಿಮೆಯಾಗುತ್ತವೆ, ಅದು ದೊಡ್ಡ ಲಾಭ. ಅದೇ ಹೊತ್ತಿಗೆ ವೇಗ ಏರುತ್ತದೆ, ತೋಟ ರಸ್ತೆಯ ಆಚೆ ಬದಿ ಉಳಿದವರು ಎರಡು ಕಿಲೋಮೀಟರ್ ಸುತ್ತುವ ಬದಲು ರಾಂಗ್ ಸೈಡಿನಲ್ಲಿ ಬರತೊಡಗುತ್ತಾರೆ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ತರುವ ಅಪಘಾತಗಳ ಅಪಾಯ ಶೇ 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಸ ರಸ್ತೆಗೆ ಅಂಡರ್‌ಪಾಸು, ಸರ್ವಿಸ್ ರಸ್ತೆ ಬೇಕೆಂದು ಕೇಳುವುದು ನಾಗರಿಕರಾಗಿ ನಮ್ಮ ಹಕ್ಕು. ಅದು ಬರುವವರೆಗೆ ಆಕ್ಸಿಲೇಟರ್ ಇರುವುದು ನಮ್ಮ ಕೈಯಲ್ಲಿ.

ಬಿದ್ದವರನ್ನು ಎತ್ತುವ ವಿಚಾರವನ್ನು ಈ ಜಿಲ್ಲೆ ಮರೆಯಲಾಗದು. 2016ರ ಫೆಬ್ರವರಿಯಲ್ಲಿ ಪಕ್ಕದ ಗುಬ್ಬಿ ತಾಲ್ಲೂಕಿನ ಯುವಕ ಹರೀಶ್, ಊರಿಗೆ ಬಂದು ಪಂಚಾಯಿತಿ ಚುನಾವಣೆಯಲ್ಲಿ ಮತ ಹಾಕಿ ಬೆಂಗಳೂರಿಗೆ ಬೈಕಿನಲ್ಲಿ ಮರಳುವಾಗ ನೆಲಮಂಗಲದ ಬಳಿ ಲಾರಿಗೆ ಸಿಕ್ಕರು. ದೇಹ ಎರಡಾಗಿ ಬಿದ್ದಿದ್ದಾಗಲೂ ತನ್ನ ಅಂಗಗಳನ್ನು ದಾನ ಮಾಡಿ ಎಂದು ಅಲ್ಲಿದ್ದವರಿಗೆ ಹೇಳಿ ಹೋದರು. ಹೆಲ್ಮೆಟ್ ಹಾಕಿದ್ದರಿಂದ ಕಣ್ಣುಗಳಿಗೆ ಏನೂ ಆಗಿರಲಿಲ್ಲ, ಅವನ್ನು ದಾನ ಪಡೆಯಲಾಯಿತು. ಮುಂದಿನ ತಿಂಗಳೇ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯನ್ನು ಆರಂಭಿಸಿ, ಅಪಘಾತಕ್ಕೀಡಾದವರ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ಕೊಡುವ ವ್ಯವಸ್ಥೆ ಮಾಡಿತು. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕು ಎಂಬ ಹಳೆಯ ಭಯಕ್ಕೆ ಈಗ ಆಧಾರವಿಲ್ಲ. ನೆರವಾದವರನ್ನು ಹೆಸರು ಹೇಳುವಂತೆಯೂ ಒತ್ತಾಯಿಸಬಾರದೆಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರಲ್ಲೇ ಕಾನೂನಿನ ಬಲ ಕೊಟ್ಟಿದೆ. 108ಕ್ಕೆ ಕರೆ ಮಾಡಿ. ಕತ್ತು ಅಲುಗಿಸದೆ, ಬಲವಂತವಾಗಿ ನೀರು ಕುಡಿಸದೆ, ರಕ್ತ ಸುರಿಯುವಲ್ಲಿ ಬಟ್ಟೆ ಒತ್ತಿ ಹಿಡಿದು ಕಾಯಿರಿ.

ಕೊನೆಗೆ ಉಳಿಯುವುದು ಹೊತ್ತಿನ ಮಾತು. ಕೆಲಸಕ್ಕೆ ತಡವಾಗುತ್ತದೆ, ಬಸ್ಸು ತಪ್ಪುತ್ತದೆ, ಹರಾಜಿನ ಹೊತ್ತಿಗೆ ಮಾರುಕಟ್ಟೆ ಮುಟ್ಟಬೇಕು. ಇಪ್ಪತ್ತು ಕಿಲೋಮೀಟರ್ ದಾರಿಯನ್ನು 60ರಲ್ಲಿ ಹೋದರೆ ಇಪ್ಪತ್ತು ನಿಮಿಷ, 80ರಲ್ಲಿ ಹೋದರೆ ಹದಿನೈದು. ಐದು ನಿಮಿಷ ಉಳಿಸಲು ನಲವತ್ತಾರು ಅಡಿಯಿಂದ ಎಂಬತ್ತೆರಡು ಅಡಿಗೆ ಏರಿದ ಹಾಗಾಯಿತು. 50ರಲ್ಲಿ ಹೋದರೆ ಇಪ್ಪತ್ತನಾಲ್ಕು ನಿಮಿಷ, ಎತ್ತರ ಮೂವತ್ತೆರಡು ಅಡಿ. ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾಯಿಯನ್ನು ಒಣಗಲು ಬಿಟ್ಟು ಉಂಡೆ ಕೊಬ್ಬರಿಗಾಗಿ ಕಾಯುವ ತಾಳ್ಮೆ ಇರುವವರಿಗೆ ನಾಲ್ಕು ನಿಮಿಷ ಹೆಚ್ಚಲ್ಲ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಬರುವ ಪ್ರತಿ ಟ್ರ್ಯಾಕ್ಟರಿನ ಹಿಂಬದಿಗೂ ಗೇಟಿನಲ್ಲೇ ಕೆಂಪು ರೇಡಿಯಂ ಪಟ್ಟಿ ಅಂಟಿಸುವ ಕೆಲಸವನ್ನು ಮಾರುಕಟ್ಟೆ ಸಮಿತಿ, ವರ್ತಕರು, ರೈತ ಸಂಘಗಳು ಸೇರಿ ಒಂದು ಸುಗ್ಗಿಯಲ್ಲಿ ಮುಗಿಸಬಹುದು. ತುರುವೇಕೆರೆಯಲ್ಲೂ ಚಿಕ್ಕನಾಯಕನಹಳ್ಳಿಯಲ್ಲೂ ಹುಳಿಯಾರಿನಲ್ಲೂ ಇದನ್ನೇ ಮಾಡಬಹುದು. ಅಷ್ಟರೊಳಗೆ, ಈ ಭಾನುವಾರ ಇದನ್ನು ಓದುತ್ತಿರುವವರಲ್ಲಿ ಒಂದು ಕೋರಿಕೆ. ನಾಳೆ ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೊರಡುವಾಗ ಕನ್ನಡಿಗೆ ತೂಗುಹಾಕಿದ ಹೆಲ್ಮೆಟ್ಟನ್ನು ತಲೆಗೆ ಹಾಕಿ ಪಟ್ಟಿ ಬಿಗಿಯಿರಿ, ಹಿಂದೆ ಕೂರುವವರಿಗೂ ಒಂದು ಕೊಡಿ, ನೇರ ರಸ್ತೆ ಸಿಕ್ಕಾಗ ಒಮ್ಮೆ ಮುಳ್ಳು ನೋಡಿ, ಆಮೇಲೆ ಪಕ್ಕದ ತೋಟದ ಮರದ ತುದಿಯನ್ನು ನೋಡಿ.